ತಲೆಗೆ ಪೆಟ್ಟಾದ ಮೇಲೆ ಬರೆಯಲು ಬರ್ತಿಲ್ಲ, ನಿಮ್ಮ ಅನುಭವ ಹೇಳಿ

ಸಿಂಧನೂರು: ನಮ್ಮ ಯಜಮಾನರಿಗೆ 43. ಅಡತಿ ಅಂಗಡಿಯಲ್ಲಿ ಲೆಕ್ಕ ಬರೀತಿದ್ದರು. ಐದು ತಿಂಗಳ ಹಿಂದೆ ಬೈಕಿನಿಂದ ಬಿದ್ದರು. ಮಾತು, ಓದು ಪರವಾಗಿಲ್ಲ. ಬರೆಯಲು ಕೂತರೆ ಒತ್ತಕ್ಷರವೇ ಬರೋದಿಲ್ಲ. ಥೆರಪಿಗೆ ಬೆಂಗಳೂರಿಗೇ ಹೋಗಬೇಕಾ?

ಗಂಗಾವತಿ: ಅಕ್ಕಾರೆ, ನನ್ನ ತಮ್ಮ ರೈಸ್ ಮಿಲ್ಲಿನಲ್ಲಿ ಮೇಲಿಂದ ಬಿದ್ದವನು. ಇಲ್ಲೇ ಒಂದು ಕಡೆ ಕೈ ಸೋತಿದೆ ಅಂತ ಕರೆಂಟ್ ಇಟ್ಟರು. ಸಲಕ್ಕೆ 300, ಒಟ್ಟು 62 ಸಲ. 18,600 ರೂಪಾಯಿ ಹೊಳೆಗೆ ಹಾಕಿದ ಹಾಗಾಯ್ತು. ಕೈಗೆ ಏನೂ ಆಗಿರಲಿಲ್ಲ! ನೋಡಿ ಬರೆಯೋದು ಚೆಂದ ಬರೀತಿದ್ದ. ಬಾಯಲ್ಲಿ ಹೇಳಿದರೆ ‘ಅಕ್ಕಿ 20 ಚೀಲ’ ಹೋಗಿ ‘ಅಕಿ 20 ಚೀಲ’. ‘ಯಾರಪ್ಪಾ ಅಕಿ?’ ಅಂತ ಮಿಲ್ಲಿನವರು ನಗೋರು. ಮೊಬೈಲಿನಲ್ಲಿ ಒತ್ತಿದರೂ ಅದೇ ತಪ್ಪು. ಇದು ಕೈದಲ್ಲ, ಮಿದುಳಿನದು ಅಂತ ಹೇಳಿದ್ದು ನಿಮ್ಹಾನ್ಸ್‌ನ ಸ್ಪೀಚ್ ಥೆರಪಿಯವರು. ಹೊಸಪೇಟೆಯಿಂದ ಹಂಪಿ ಎಕ್ಸ್‌ಪ್ರೆಸ್‌ಗೆ 11 ಸಲ ಓಡಾಡಿದೆವು. ಲಾಡ್ಜ್ ದಿನಕ್ಕೆ 900, ನನ್ನ ಕೂಲಿ ಬೇರೆ ಹೋಯ್ತು. ಈಗ ಗೇಟ್ ಪಾಸ್ ತಾನೇ ಬರೀತಾನೆ. ಹೋಗಲೇಬೇಕು.

ರಾಯಚೂರು: ‘ಹೋಗಲೇಬೇಕು’ ಅಂತ ಹೆದರಿಸಬೇಡಿ. ಪೆಟ್ಟು ತಿಂದವಳು ನಾನೇ, ಟೀಚರ್. ಎರಡು ಸಲ ಹೋಗಿ ಕಲಿತು ಬಂದೆ, ಉಳಿದದ್ದು ಮನೆಯಲ್ಲೇ. ದಿನಕ್ಕೆ ಐದು ಪದ. ನೋಡಿ ಬರೆ, ಮುಚ್ಚಿ ಬರೆ, ತೆರೆದು ತಾಳೆ ನೋಡು. ಮಗಳ ಎರಡುಗೆರೆ ಕಾಪಿಯಲ್ಲಿ ಒಂಬತ್ತು ತಿಂಗಳು. ನಾಲ್ಕು ಸಾಲು ಬರೆದರೆ ಸಂಜೆವರೆಗೆ ತಲೆ ಭಾರ, ಮಲಗಲೇಬೇಕು. ಅತ್ತೆ ‘ಸೋಂಬೇರಿ’ ಅಂದರು. ಸಹಿ ಹೊಂದುತ್ತಿಲ್ಲ ಅಂತ ಚೆಕ್ ಎರಡು ಸಲ ವಾಪಸ್. ಕೊನೆಗೆ ಬ್ಯಾಂಕಿನವರು ಹೆಬ್ಬೆಟ್ಟು ಒತ್ತಿ ಅಂದರು. ಎಂ.ಎ. ಮಾಡಿದವಳಿಗೆ!

ಬಳ್ಳಾರಿ: ಈಗ ಯಾರು ಬರೀತಾರೆ? ನನಗೂ ಹೀಗೇ ಆಗಿ ಮೂರು ವರ್ಷ. ಮೊಬೈಲಿಗೆ ಬಾಯಲ್ಲಿ ಹೇಳ್ತೀನಿ, ಅದೇ ಬರ್ಕೊಳ್ಳುತ್ತೆ. ಒಂದು ಪೈಸೆ ಖರ್ಚಿಲ್ಲ. ಕಾಪಿ ತಿದ್ದೋಕೆ ನಾವೇನು ಮಕ್ಕಳಾ?

ರಾಯಚೂರು: ಸರ್, ಮೊಬೈಲ್ ತಪ್ಪು ಬರೆದರೆ ಹಿಡಿಯೋರು ಯಾರು? ಅಂಗಡಿ ಲೆಕ್ಕದಲ್ಲಿ ‘ಕೊಟ್ಟೆ’ ಅನ್ನೋದು ‘ಕೊಟೆ’ ಆದರೆ ನಿಮಗೆ ಗೊತ್ತಾಗುತ್ತಾ?

ಬಳ್ಳಾರಿ: ಮೇಡಂ, ಪಾಠ ಶಾಲೆಯಲ್ಲಿ ಮಾಡಿ. ಹೆಲ್ಮೆಟ್ ಹಾಕಿದ್ದರೆ ಇದೆಲ್ಲ ಬೇಕಿರಲಿಲ್ಲ.

ರಾಯಚೂರು: ನಾನು ಬಿದ್ದದ್ದು ಮನೆ ಮೆಟ್ಟಿಲಿಂದ. ಮೆಟ್ಟಿಲಿಗೂ ಹೆಲ್ಮೆಟ್ ಹಾಕ್ಕೋಬೇಕಾ?

ಗಂಗಾವತಿ: ಅಣ್ಣಾ, ಅವರು ಪೆಟ್ಟು ತಿಂದವರು, ಹಾಗೆ ಮಾತಾಡಬೇಡಿ.

ಬಳ್ಳಾರಿ: ನಾನೇನು ಹೂವಿನ ಏಟು ತಿಂದಿದ್ದೀನಾ?

ಸಿಂಧನೂರು: ಗಂಗಾವತಿ ಅಣ್ಣಾ, ಆ ಹನ್ನೊಂದು ಸಲದಲ್ಲಿ ಥೆರಪಿಗೇ ಎಷ್ಟಾಯ್ತು? ಅದನ್ನೇ ಬಿಟ್ಟಿದ್ದೀರಿ.

ಗಂಗಾವತಿ: ಅದು ಜಾಸ್ತಿ ಆಗಲಿಲ್ಲ ಅಕ್ಕಾ. ಲಾಡ್ಜಿನದೇ ಹೊಟ್ಟೆ ಉರಿಯೋದು.