ಫೋನ್ 'ಅನ್‌ಆಥರೈಸ್ಡ್' ಅಂತ ತೋರಿಸುತ್ತಿದೆ, ಪಾಪ್‌ಅಪ್ ಬರುತ್ತಿಲ್ಲ

ಪ್ರಶ್ನೆ: ಆ್ಯಪ್ ಡೀಬಗ್ ಮಾಡಲು ಫೋನನ್ನು ಲ್ಯಾಪ್‌ಟಾಪಿಗೆ ಹಾಕಿದ್ದೇನೆ. ಯುಎಸ್‌ಬಿ ಡೀಬಗ್ಗಿಂಗ್ ಆನ್ ಇದೆ. ಎಡಿಬಿಯಲ್ಲಿ (ಕಂಪ್ಯೂಟರಿನಿಂದ ಫೋನಿಗೆ ಆದೇಶ ಕೊಡುವ ಟೂಲ್) 'ಎಡಿಬಿ ಡಿವೈಸಸ್' ಕೊಟ್ಟರೆ ಸೀರಿಯಲ್ ನಂಬರ್ ಪಕ್ಕದಲ್ಲಿ 'ಅನ್‌ಆಥರೈಸ್ಡ್' ಅಂತ ಬರುತ್ತೆ, ಫೋನಿನಲ್ಲಿ ಅನುಮತಿ ಕೇಳುವ ಪಾಪ್‌ಅಪ್ ಬರಲ್ಲ. ಮೊದಲು ಸರಿಯಿತ್ತು, ಸ್ವಲ್ಪ ದಿನ ಜೋಡಿಸಿರಲಿಲ್ಲ. ಕೇಬಲ್ ಬದಲಿಸಿದೆ, ಡ್ರೈವರ್ ಮತ್ತೆ ಹಾಕಿದೆ. ವಿಂಡೋಸ್ 11, ಆಂಡ್ರಾಯ್ಡ್ 13. ಏನು ಮಾಡಲಿ ಸರ್?

ಉತ್ತರ: ಕೇಬಲ್, ಡ್ರೈವರ್ ಎರಡನ್ನೂ ಬಿಟ್ಟುಬಿಡಿ, ಅವು ಸರಿಯಾಗೇ ಇವೆ. ಅವುಗಳಲ್ಲಿ ತೊಂದರೆ ಇದ್ದಿದ್ದರೆ ಪಟ್ಟಿಯಲ್ಲಿ ಸೀರಿಯಲ್ ನಂಬರೇ ಬರುತ್ತಿರಲಿಲ್ಲ. 'ಅನ್‌ಆಥರೈಸ್ಡ್' ಅಂದರೆ ಫೋನ್ ಸಿಕ್ಕಿದೆ, ಆದರೆ ನಿಮ್ಮ ಕಂಪ್ಯೂಟರಿನ ಕೀಯನ್ನು ಅದು ಒಪ್ಪಿಲ್ಲ.

ಆಂಡ್ರಾಯ್ಡ್ 4.2.2ರಿಂದ ಪ್ರತಿ ಕಂಪ್ಯೂಟರಿಗೂ ಒಂದು ಆರ್‌ಎಸ್‌ಎ ಕೀ ಜೋಡಿ (ಕಂಪ್ಯೂಟರಿನ ಗುರುತು ಸಾಬೀತುಪಡಿಸುವ ಒಂದು ಖಾಸಗಿ, ಒಂದು ಸಾರ್ವಜನಿಕ ಕೀ) ಇರುತ್ತದೆ. ಫೋನಿನಲ್ಲಿ 'ಅಲೋ' ಒತ್ತಿದಾಗ ಅದರ ಸಾರ್ವಜನಿಕ ಕೀ ಫೋನಿನೊಳಗೆ ಸೇರುತ್ತದೆ. ಆಂಡ್ರಾಯ್ಡ್ 11ರಿಂದ ಈಚೆಗೆ, 7 ದಿನ ಬಳಸದ ಕೀಯನ್ನು ಫೋನ್ ತಾನೇ ತೆಗೆದುಹಾಕುತ್ತದೆ. ನಿಮ್ಮಲ್ಲಿ ಆಗಿರುವುದು ಬಹುಶಃ ಇದೇ.

ಈ ಕ್ರಮದಲ್ಲೇ ಮಾಡಿ. ಕೇಬಲ್ ತೆಗೆದು, ಫೋನಿನ ಸೆಟ್ಟಿಂಗ್ಸ್‌ನ ಡೆವಲಪರ್ ಆಪ್ಷನ್ಸ್‌ನಲ್ಲಿ 'ರಿವೋಕ್ ಯುಎಸ್‌ಬಿ ಡೀಬಗ್ಗಿಂಗ್ ಆಥರೈಸೇಷನ್ಸ್' ಒತ್ತಿ, ಡೀಬಗ್ಗಿಂಗ್ ಆಫ್ ಮಾಡಿ ಮತ್ತೆ ಆನ್ ಮಾಡಿ. ಆಂಡ್ರಾಯ್ಡ್ ಸ್ಟುಡಿಯೋ ಮುಚ್ಚಿ; ತೆರೆದಿದ್ದರೆ ನೀವು ನಿಲ್ಲಿಸಿದ ಎಡಿಬಿ ಸರ್ವರನ್ನು (ಕಂಪ್ಯೂಟರಿನಲ್ಲಿ ಹಿನ್ನೆಲೆಯಲ್ಲಿ ಓಡುವ ಅದರ ಭಾಗ) ಅದು ಆ ಕ್ಷಣವೇ ಮತ್ತೆ ಎಬ್ಬಿಸುತ್ತದೆ. 'ಎಡಿಬಿ ಕಿಲ್-ಸರ್ವರ್', ಆಮೇಲೆ 'ಎಡಿಬಿ ಸ್ಟಾರ್ಟ್-ಸರ್ವರ್' ಕೊಡಿ. ಫೋನನ್ನು ಅನ್‌ಲಾಕ್ ಮಾಡಿಟ್ಟುಕೊಂಡೇ ಕೇಬಲ್ ಹಾಕಿ. ಲಾಕ್ ಆಗಿದ್ದರೆ ಪಾಪ್‌ಅಪ್ ಕಣ್ಣಿಗೆ ಬೀಳುವುದಿಲ್ಲ. ಬಂದಾಗ 'ಆಲ್ವೇಸ್ ಅಲೋ ಫ್ರಂ ದಿಸ್ ಕಂಪ್ಯೂಟರ್' ಟಿಕ್ ಮಾಡಿ, ಇಲ್ಲದಿದ್ದರೆ ಆ ಒಂದು ಸಲಕ್ಕೆ ಮಾತ್ರ ಅನುಮತಿ.

ಪಾಪ್‌ಅಪ್ ಬಂದರೂ 'ಅಲೋ' ಒತ್ತಲು ಆಗದಿದ್ದರೆ, ಸ್ಕ್ರೀನಿನ ಮೇಲೆ ಬಣ್ಣದ ಪದರ ಹಾಕುವ ಬ್ಲೂ-ಲೈಟ್ ಫಿಲ್ಟರ್ ಆ್ಯಪ್ ಅಥವಾ ತೇಲುವ ಬಬಲ್ ಇದ್ದರೆ ಮುಚ್ಚಿ. ಫೋನಿನಲ್ಲಿ ಎರಡನೇ ಯೂಸರ್ ಅಥವಾ ಗೆಸ್ಟ್ ಆಗಿದ್ದರೆ ಮುಖ್ಯ ಯೂಸರಿಗೆ ಬನ್ನಿ.

ಇಷ್ಟಾದರೂ ಆಗದಿದ್ದರೆ ಕೀಯನ್ನೇ ಹೊಸದಾಗಿ ಮಾಡಿಸಿ. ಸರ್ವರ್ ನಿಲ್ಲಿಸಿ, ನಿಮ್ಮ ಯೂಸರ್ ಫೋಲ್ಡರಿನಲ್ಲಿರುವ 'ಡಾಟ್ ಆಂಡ್ರಾಯ್ಡ್' ಫೋಲ್ಡರ್ ತೆರೆದು 'ಎಡಿಬಿಕೀ', 'ಎಡಿಬಿಕೀ ಡಾಟ್ ಪಬ್' ಈ ಎರಡು ಫೈಲ್ ಮಾತ್ರ ಅಳಿಸಿ. ಸರ್ವರ್ ಮತ್ತೆ ಶುರುವಾದಾಗ ಹೊಸ ಜೋಡಿ ತಯಾರಾಗುತ್ತದೆ. ಫೋಲ್ಡರನ್ನೇ ಅಳಿಸಿ ಅಂತ ಹಲವರು ಹೇಳುತ್ತಾರೆ, ದಯವಿಟ್ಟು ಹಾಗೆ ಮಾಡಬೇಡಿ. ಎಮ್ಯುಲೇಟರುಗಳೂ (ಕಂಪ್ಯೂಟರಿನೊಳಗಿನ ನಕಲಿ ಫೋನುಗಳು) ಡೀಬಗ್ ಕೀಸ್ಟೋರೂ (ಟೆಸ್ಟಿಂಗ್ ಆ್ಯಪಿಗೆ ಸಹಿ ಹಾಕುವ ಕೀ ಇರುವ ಫೈಲ್) ಸಾಮಾನ್ಯವಾಗಿ ಅಲ್ಲೇ ಇರುತ್ತವೆ. ಕೀಸ್ಟೋರ್ ಹೋದರೆ ಸಹಿ ಬದಲಾಗುತ್ತದೆ: ಫೋನಿನಲ್ಲಿರುವ ಹಳೆಯ ಬಿಲ್ಡ್ ತೆಗೆಯದೆ ಹೊಸದು ಕೂರುವುದಿಲ್ಲ, ಹಳೆಯ ಸಹಿಯ ಗುರುತಾದ ಎಸ್‌ಎಚ್‌ಎ-1 ನೋಂದಾಯಿಸಿದ್ದ ಗೂಗಲ್ ಸೈನ್-ಇನ್ ಕೂಡ ಕೈಕೊಡುತ್ತದೆ.

ಸರಿಯಾದ ಮೇಲೆ ಡೆವಲಪರ್ ಆಪ್ಷನ್ಸ್‌ನಲ್ಲಿ 'ಡಿಸೇಬಲ್ ಎಡಿಬಿ ಆಥರೈಸೇಷನ್ ಟೈಮ್‌ಔಟ್' ಆನ್ ಮಾಡಿದರೆ 7 ದಿನದ ಕಾಟ ಇರುವುದಿಲ್ಲ. ಟೆಸ್ಟಿಂಗಿಗೆ ಅಂತಲೇ ಇಟ್ಟ ಫೋನಿಗೆ ಇದು ಸರಿ. ಬ್ಯಾಂಕ್ ಆ್ಯಪ್ ಇರುವ ಸ್ವಂತ ಫೋನಿನಲ್ಲಿ ಬೇಡ ಅಂತ ನನ್ನ ಸಲಹೆ.

ಮರುಪ್ರಶ್ನೆ: ಉಬುಂಟುವಿನಲ್ಲಿ 'ನೋ ಪರ್ಮಿಷನ್ಸ್' ಅಂತ ಬರುತ್ತಿದೆ. ಇದೂ ಕೀ ಸಮಸ್ಯೆಯಾ?

ಉತ್ತರ: ಅಲ್ಲ, ಕೀ ತನಕ ಮಾತು ಬಂದೇ ಇಲ್ಲ. ಯುಎಸ್‌ಬಿ ಸಾಧನವನ್ನು ತೆರೆಯಲು ನಿಮ್ಮ ಯೂಸರಿಗೆ ಲಿನಕ್ಸ್ ಬಿಡುತ್ತಿಲ್ಲ. 'ಆಂಡ್ರಾಯ್ಡ್-ಎಸ್‌ಡಿಕೆ-ಪ್ಲಾಟ್‌ಫಾರ್ಮ್-ಟೂಲ್ಸ್-ಕಾಮನ್' ಪ್ಯಾಕೇಜ್ ಹಾಕಿ, ಅದರಲ್ಲಿ ಯುಡೆವ್ ನಿಯಮಗಳಿವೆ (ಯಾವ ಸಾಧನವನ್ನು ಯಾರು ಬಳಸಬಹುದು ಅಂತ ಲಿನಕ್ಸಿಗೆ ಹೇಳುವ ನಿಯಮಗಳು). ನಿಮ್ಮನ್ನು 'ಪ್ಲಗ್‌ಡೆವ್' ಗುಂಪಿಗೆ ಸೇರಿಸಿ, ಲಾಗ್‌ಔಟ್ ಆಗಿ ಮತ್ತೆ ಬನ್ನಿ. ಅವಸರಕ್ಕೆ 'ಸುಡೊ' (ರೂಟ್, ಅಂದರೆ ಅಡ್ಮಿನ್ ಯೂಸರಾಗಿ ಓಡಿಸುವ ಆದೇಶ) ಹಾಕಿ ಎಡಿಬಿ ಓಡಿಸಬೇಡಿ. ಆಗ ಬಳಕೆಯಾಗುವುದು ರೂಟ್ ಯೂಸರಿನ ಬೇರೆ ಕೀ. ಅದಕ್ಕೆ ಅನುಮತಿ ಕೊಟ್ಟರೂ ನಿಮ್ಮ ಯೂಸರಿನಿಂದ ಹೋದಾಗ ಫೋನ್ ಮತ್ತೆ ಕೇಳುತ್ತದೆ.

ಮರುಪ್ರಶ್ನೆ: ಸ್ಕ್ರೀನ್ ಒಡೆದು ಟಚ್ ಸತ್ತಿದೆ. ಹೊಸ ಲ್ಯಾಪ್‌ಟಾಪಿನಿಂದ ಲಾಗ್ ತೆಗೆಯಬೇಕು. 'ಅಲೋ' ಒತ್ತೋದು ಹೇಗೆ?

ಉತ್ತರ: ಹಳೆಯ ಲ್ಯಾಪ್‌ಟಾಪಿಗೆ ಮೊದಲೇ ಕಾಯಂ ಅನುಮತಿ ಇದ್ದು, ಅವಧಿ ಮುಗಿದಿಲ್ಲದಿದ್ದರೆ ದಾರಿಯಿದೆ. ಅದರ ಎರಡೂ ಕೀ ಫೈಲುಗಳನ್ನು ಹೊಸದರಲ್ಲಿ ಅದೇ ಫೋಲ್ಡರಿಗೆ ಕಾಪಿ ಮಾಡಿ ಸರ್ವರ್ ಮತ್ತೆ ಶುರುಮಾಡಿ. ಫೋನಿಗೆ ಇದೂ ಹಳೆಯ ಯಂತ್ರವೇ. ಪೆನ್‌ಡ್ರೈವಿನಲ್ಲಿ ಒಯ್ಯಿರಿ, ವಾಟ್ಸಾಪಿನಲ್ಲಿ ಯಾರಿಗೂ ಕಳಿಸಬೇಡಿ: 'ಎಡಿಬಿಕೀ' ಖಾಸಗಿ ಕೀ, ಅದು ಕೈಗೆ ಸಿಕ್ಕವರಿಗೆ ನಿಮ್ಮ ಫೋನ್ ಪಾಪ್‌ಅಪ್ ಇಲ್ಲದೆಯೇ ತೆರೆದುಕೊಳ್ಳುತ್ತದೆ. ಅನುಮತಿ ಎಲ್ಲೂ ಇಲ್ಲದಿದ್ದರೆ ಡಿಸ್‌ಪ್ಲೇ ಬದಲಿಸಿಯೇ ಮುಂದುವರಿಯಿರಿ.