ನೆರೆಗುಳಿ ಭತ್ತವನ್ನು ನೀರಿನಡಿ ಉಳಿಸುವ ಜೀನ್ ಯಾವುದು ಅಂತ ತಿಳಿಯೋದು ಹೇಗೆ?

ವರದಾ ದಡದವಳು:

ಎಲ್ಲರಿಗೂ ನಮಸ್ಕಾರ. ನನ್ನ ಊರು ಸೊರಬ ತಾಲ್ಲೂಕು, ವರದಾ ನದಿಯ ಬಯಲು. ಈಗ ಶಿವಮೊಗ್ಗದಲ್ಲಿ ಬಯೋಟೆಕ್ನಾಲಜಿ ಎಂ.ಎಸ್ಸಿ. ಓದುತ್ತಿದ್ದೇನೆ. ಮಳೆಗಾಲದಲ್ಲಿ ಹೊಳೆ ಉಕ್ಕಿದರೆ ನಮ್ಮ ಕೆಳಗಿನ ಗದ್ದೆ ಪೂರ್ತಿ ಮುಳುಗುತ್ತದೆ. ಬೇರೆ ಭತ್ತ ಹಾಕಿದರೆ ಕೊಳೆತು ಹೋಗುತ್ತದೆ. ಅದಕ್ಕೇ ಅಪ್ಪ ಆ ಗದ್ದೆಗೆ ಇವತ್ತಿಗೂ ನೆರೆಗುಳಿಯನ್ನೇ ಬಿತ್ತುತ್ತಾರೆ.

ಪ್ರಾಜೆಕ್ಟಿಗೂ ಅದನ್ನೇ ತೆಗೆದುಕೊಂಡೆ. ನೆರೆಗುಳಿಯ ಸಸಿ, ಜೊತೆಗೆ ನೆರೆ ತಡೆಯದ ಇನ್ನೊಂದು ತಳಿಯ ಸಸಿ, ಎರಡನ್ನೂ ಡ್ರಮ್ಮಿನ ನೀರಲ್ಲಿ ಮುಳುಗಿಸಿಟ್ಟೆ. ಎಲೆಯಿಂದ ಆರ್‌ಎನ್‌ಎ (ಜೀನ್ ಕೆಲಸ ಮಾಡುವಾಗ ತಯಾರಾಗುವ ಅದರ ಪ್ರತಿ) ತೆಗೆದು ಸೀಕ್ವೆನ್ಸಿಂಗಿಗೆ ಕಳಿಸಿದೆವು. ಈಗ ಎಕ್ಸೆಲ್ ಶೀಟ್ ಬಂದಿದೆ. ಸಾವಿರಾರು ಜೀನ್‌ಗಳ ಚಟುವಟಿಕೆ ಏರಿದೆ, ಸಾವಿರಾರು ಜೀನ್‌ಗಳದ್ದು ಇಳಿದಿದೆ. ಜಾಸ್ತಿ ಏರಿದ ಹತ್ತನ್ನು ಆರಿಸಿ "ನೆರೆ ತಡೆಯುವ ಜೀನ್‌ಗಳು" ಅಂತ ಬರೆದುಬಿಡು ಅನ್ನುತ್ತಾರೆ ಸೀನಿಯರ್‌ಗಳು. ನನ್ನ ಮನಸ್ಸು ಒಪ್ಪುತ್ತಿಲ್ಲ. ಏರಿತು ಅಂದ ಮಾತ್ರಕ್ಕೆ ಗಿಡ ಉಳಿಸಿದ್ದು ಅದೇ ಅಂತ ಹೇಳಬಹುದಾ? ನಮ್ಮಲ್ಲಿ ಗಿಡಕ್ಕೆ ಜೀನ್ ಸೇರಿಸುವ, ತೆಗೆಯುವ ಲ್ಯಾಬ್ ಇಲ್ಲ. ಇರುವುದು ಡಿಎನ್‌ಎಯ ಬೇಕಾದ ತುಂಡನ್ನು ನಕಲು ಮಾಡಿ ಹೆಚ್ಚಿಸುವ ಪಿಸಿಆರ್ ಮೆಷಿನ್, ಆ ತುಂಡನ್ನು ಪಟ್ಟೆಯಾಗಿ ತೋರಿಸುವ ಜೆಲ್, ಮತ್ತೆ ಅಪ್ಪನ ಗದ್ದೆ. ಇಷ್ಟರಲ್ಲಿ ಏನು ಮಾಡಬಹುದು?

ಭದ್ರಾವತಿ ಬಯೋ:

ಡಿಎನ್‌ಎಯನ್ನು ಬೇಕಾದ ಕಡೆ ಕತ್ತರಿಸುವ ಕ್ರಿಸ್ಪರ್‌ನಿಂದ ಒಂದೊಂದೇ ಜೀನ್ ಕೆಡಿಸಿ ನೋಡಬಹುದಲ್ವಾ? ಯಾವುದು ಕೆಟ್ಟರೆ ಗಿಡ ಸಾಯುತ್ತದೋ ಅದೇ ಉತ್ತರ. ನಮ್ಮ ದೇಶದಲ್ಲೇ 2025ರ ಮೇ ತಿಂಗಳಲ್ಲಿ ಎಡಿಟ್ ಮಾಡಿದ ಎರಡು ಭತ್ತದ ತಳಿ ಘೋಷಣೆ ಆಯಿತಲ್ಲ. ಬೇರೆ ಊರಿನ ಲ್ಯಾಬ್ ಹಿಡಿಯಿರಿ.

ತೀರ್ಥಹಳ್ಳಿಯವ:

ನಾನು ಭತ್ತದ ಜೀನ್‌ಗಳ ಮೇಲೆಯೇ ಕೆಲಸ ಮಾಡುವವನು, ಈಗ ಬೆಂಗಳೂರಿನಲ್ಲಿದ್ದೇನೆ. ಇಂಥ ಪ್ರಶ್ನೆ ನಮ್ಮ ಕಡೆಯ ಹುಡುಗಿಯಿಂದ ಬಂದದ್ದು ತುಂಬಾ ಖುಷಿ ಆಯಿತು. ನಿಮ್ಮ ಅನುಮಾನ ಸರಿಯಾಗಿದೆ. ಅದನ್ನು ಬಿಡಬೇಡಿ.

ಗಿಡ ನೀರಲ್ಲಿ ಮುಳುಗಿದರೆ ಯಾವ ತಳಿಯಲ್ಲಾದರೂ ಸಾವಿರಾರು ಜೀನ್ ಏರಿಳಿಯುತ್ತವೆ. ಕಣದಲ್ಲಿ ಹುಲ್ಲಿನ ಬಣವೆಗೆ ಬೆಂಕಿ ಬಿದ್ದರೆ ಊರಿಗೆ ಊರೇ ಓಡಿ ಬರುತ್ತದೆ, ಬಂದವರೆಲ್ಲ ಬೆಂಕಿ ಆರಿಸಿದವರಲ್ಲ. ನಿಮ್ಮ ಶೀಟ್ ಹೇಳುವುದು ಯಾರು ಬಂದರು ಅಂತ ಮಾತ್ರ. ಯಾರು ಕೆಲಸ ಮಾಡಿದರು ಅಂತ ತಿಳಿಯಬೇಕಾದರೆ ಆ ಜೀನನ್ನು ತೆಗೆದು ನೋಡಬೇಕು, ಇಲ್ಲದ ಗಿಡಕ್ಕೆ ಕೊಟ್ಟು ನೋಡಬೇಕು. ಎರಡೂ ಕಡೆ ಲೆಕ್ಕ ಸರಿಹೋದರೆ ಧೈರ್ಯವಾಗಿ ಹೇಳಬಹುದು.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ನಿಮ್ಮ ರೀಡ್‌ಗಳನ್ನು, ಅಂದರೆ ಸೀಕ್ವೆನ್ಸಿಂಗ್ ಮೆಷಿನ್ ಓದಿದ ಸಣ್ಣ ಸಣ್ಣ ತುಂಡುಗಳನ್ನು, ಯಾವ ತಳಿಯ ಜೀನೋಮಿಗೆ (ಪೂರ್ತಿ ಡಿಎನ್‌ಎ ಪಾಠಕ್ಕೆ) ಹೊಂದಿಸಿದ್ದಾರೆ? ನಿಪ್ಪೊನ್‌ಬಾರೆ ಆಗಿದ್ದರೆ ತಡೆಯಿರಿ. ಅದು ಜಪಾನಿನ ಜಪೋನಿಕಾ ಭತ್ತ. 2005ರಲ್ಲಿ ಪೂರ್ತಿ ಜೀನೋಮ್ ಪ್ರಕಟವಾದದ್ದು ಅದರದ್ದೇ, ಹಾಗಾಗಿ ಎಲ್ಲರೂ ಅದನ್ನೇ ಬಳಸುತ್ತಾರೆ. ಆದರೆ ನೆರೆ ತಡೆಯುವುದರಲ್ಲಿ ಹೆಸರಾದ ಸಬ್1ಎ ಜೀನ್ ಅದರಲ್ಲಿ ಇಲ್ಲವೇ ಇಲ್ಲ! ನೆರೆಗುಳಿಯಲ್ಲಿ ಅದು ಇದ್ದರೂ ನಿಮ್ಮ ಪಟ್ಟಿಯಲ್ಲಿ ಕಾಣುವುದಿಲ್ಲ. ಅದರ ರೀಡ್‌ಗಳು ಎಲ್ಲೂ ಕೂರದೆ ಉಳಿದಿರುತ್ತವೆ, ಇಲ್ಲವೇ ಪಕ್ಕದಲ್ಲಿರುವ ಅದರಂಥದ್ದೇ ಜೀನ್‌ಗಳಾದ ಸಬ್1ಬಿ, ಸಬ್1ಸಿ ಲೆಕ್ಕಕ್ಕೆ ಸೇರಿರುತ್ತವೆ.

ಸಬ್1ಎ ಸಿಕ್ಕ ದಾರಿಯಿಂದ ನಿಮಗೆ ಕಲಿಯುವುದು ಬಹಳ ಇದೆ. ಒಡಿಶಾದ ಎಫ್‌ಆರ್13ಎ ಅನ್ನುವ ಭತ್ತ ಎರಡು ವಾರದವರೆಗೆ ಮುಳುಗಿದರೂ ಉಳಿಯುತ್ತದೆ ಅಂತ ಮೊದಲೇ ಗೊತ್ತಿತ್ತು. ಉಳಿಯುವ ತಳಿ, ಸಾಯುವ ತಳಿಗಳನ್ನು ಕ್ರಾಸ್ ಮಾಡಿ, ಮಕ್ಕಳಲ್ಲಿ ಯಾರು ಉಳಿದರು ಅಂತ ನೋಡುತ್ತಾ 1996ರಲ್ಲಿ ಒಂಬತ್ತನೇ ಕ್ರೋಮೋಸೋಮಿನ ಒಂದು ಜಾಗಕ್ಕೆ ಬಂದು ನಿಂತರು. ಅಲ್ಲಿ ಒಂದೇ ಥರದ ಮೂರು ಜೀನ್‌ಗಳು ಅಕ್ಕಪಕ್ಕ ಕೂತಿದ್ದವು. 2006ರಲ್ಲಿ ಸಬ್1ಎ-1 ಅನ್ನುವ ರೂಪವನ್ನು ನೆರೆ ತಡೆಯದ ಭತ್ತಕ್ಕೆ ಕೊಟ್ಟು ನೋಡಿದರು. ಅದು ನೆರೆ ತಡೆಯಿತು. ಅನುಮಾನ ಮುಗಿದದ್ದು ಅಲ್ಲಿ. ಮುಂದೆ ಸ್ವರ್ಣ ತಳಿಗೆ ಬರೀ ಕ್ರಾಸ್ ಮಾಡಿಯೇ ಅದನ್ನು ತಂದರು, 2009ರಲ್ಲಿ ಸ್ವರ್ಣ-ಸಬ್1 ರೈತರಿಗೆ ಸಿಕ್ಕಿತು.

ಕೆಲಸ ಮಾಡುವ ರೀತಿಯೂ ಚೆನ್ನಾಗಿದೆ. ಮುಳುಗಿದ ಗಿಡದಿಂದ ಎಥಿಲೀನ್ ಅನಿಲ ಹೊರಗೆ ಹೋಗಲಾರದೆ ಒಳಗೇ ತುಂಬುತ್ತದೆ. ಮಾಮೂಲಿ ಭತ್ತ ಆಗ ಉದ್ದ ಬೆಳೆಯಲು ಹೋಗಿ ಇದ್ದ ಪಿಷ್ಟ, ಸಕ್ಕರೆ ಎಲ್ಲ ಖರ್ಚು ಮಾಡುತ್ತದೆ. ನೀರು ಇಳಿಯುವ ಹೊತ್ತಿಗೆ ಏನೂ ಉಳಿದಿರುವುದಿಲ್ಲ. ಸಬ್1ಎ-1 ಇದ್ದರೆ ಬೆಳೆಸುವ ಹಾರ್ಮೋನಾದ ಜಿಬ್ಬರೆಲಿನ್‌ಗೆ ತಡೆ ಬೀಳುತ್ತದೆ. ಗಿಡ ಬೆಳೆಯದೆ ಸುಮ್ನೆ ಕಾಯುತ್ತದೆ.

ಇದಕ್ಕೆ ಪೂರ್ತಿ ಉಲ್ಟಾ ದಾರಿಯೂ ಇದೆ. ಆಳನೀರಿನ ಭತ್ತದಲ್ಲಿ ಸ್ನಾರ್ಕೆಲ್1, ಸ್ನಾರ್ಕೆಲ್2 ಅನ್ನುವ ಜೀನ್‌ಗಳಿವೆ, 2009ರಲ್ಲಿ ಸಿಕ್ಕವು. ಅವೂ ಎಥಿಲೀನಿಗೇ ಏಳುತ್ತವೆ, ಆದರೆ ಕಾಂಡವನ್ನು ನೀರಿನ ಮೇಲಕ್ಕೆ ಉದ್ದ ಮಾಡುತ್ತವೆ. ಅದಕ್ಕೇ ಮೊದಲು ಸ್ಕೇಲ್ ಹಿಡಿಯಿರಿ. ಮುಳುಗುವ ಮುಂಚೆ ಸಸಿ ಎಷ್ಟು ಎತ್ತರ, ಎದ್ದಾಗ ಎಷ್ಟು? ನೆರೆಗುಳಿ ಕೂರುತ್ತದೋ, ಏಳುತ್ತದೋ? ಇದು ಗೊತ್ತಿಲ್ಲದೆ ಶೀಟ್ ಓದಿ ಉಪಯೋಗವಿಲ್ಲ.

ಭದ್ರಾವತಿಯವರಿಗೆ: ಒಂದೊಂದೇ ಕೆಡಿಸಿದರೆ ಎಷ್ಟೋ ಸಲ ಏನೂ ಆಗುವುದಿಲ್ಲ. ಯೀಸ್ಟಿನ ಸುಮಾರು 6,000 ಜೀನ್‌ಗಳಲ್ಲಿ ಬಹುಪಾಲನ್ನು ಒಂದೊಂದಾಗಿ ತೆಗೆದರೂ ಒಳ್ಳೆಯ ಆಹಾರ ಸಿಕ್ಕರೆ ಅದು ಬದುಕುತ್ತದೆ. ಕೆಲವು ಸಲ ಒಂದು ಹೋದರೆ ಅದರಂಥ ಇನ್ನೊಂದು ಕೆಲಸ ನೋಡಿಕೊಳ್ಳುತ್ತದೆ. ಇನ್ನು ಆ ಎರಡು ತಳಿಗಳಲ್ಲಿ ಡಿಆರ್‌ಆರ್ ಧಾನ್ 100ಕ್ಕೆ ಎಡಿಟ್ ಮಾಡಿದ್ದು ಜಿಎನ್1ಎ ಜೀನನ್ನು. ಅದು ಕಾಳಿನ ಸಂಖ್ಯೆಯನ್ನು ಹಿಡಿದಿಡುತ್ತದೆ ಅಂತ 2005ರಲ್ಲೇ ಗೊತ್ತಾಗಿತ್ತು. ಯಾವುದನ್ನು ಕತ್ತರಿಸಬೇಕು ಅಂತ ಮೊದಲು ಗೊತ್ತಿರಬೇಕು.

ಸಾಗರದ ಗದ್ದೆಯವ:

ತಂಗೀ, ಗದ್ದೆ ಕಡೆಯಿಂದ ಒಂದೆರಡು ಮಾತು. ನಿನ್ನ ಡ್ರಮ್ಮಿನಲ್ಲಿ ತಿಳಿನೀರು. ಹೊಳೆಯ ನೆರೆ ಕೆಂಪು ಕೆಸರು. ಕೆಸರು ನೀರಲ್ಲಿ ಗಿಡಕ್ಕೆ ಬೆಳಕೇ ಸಿಗುವುದಿಲ್ಲ, ಎಲೆಗೂ ಮಣ್ಣು ಮೆತ್ತಿಕೊಳ್ಳುತ್ತದೆ. ಎರಡಕ್ಕೂ ಬಹಳ ವ್ಯತ್ಯಾಸ. ಇನ್ನೊಂದು, ನೀರು ಇಳಿದ ದಿನವೇ ಸತ್ತಿತು, ಬದುಕಿತು ಅಂತ ಬರೆಯಬೇಡ. ಎಲೆ ಎಲ್ಲ ಕೊಳೆತಿದ್ದರೂ ಬುಡ ಗಟ್ಟಿ ಇದ್ದರೆ ಸುಳಿ ಬರುತ್ತದೆ. ಒಂದು ವಾರವಾದರೂ ಕಾದು ನೋಡು.

ಬೀಜದ ವಿಷಯವೂ ನೋಡಿಕೋ. ಮನೆ ಬೀಜ ಅಂದರೆ ಒಂದಿಷ್ಟು ಬೆರಕೆ ಇದ್ದೇ ಇರುತ್ತದೆ. ತೆನೆ ತೆನೆ ಬೇರೆ ಇಟ್ಟು ಬಿತ್ತು. 2001ರ ತಳಿ ಸಂರಕ್ಷಣೆ ಕಾಯ್ದೆಯಲ್ಲಿ ರೈತರ ತಳಿಯನ್ನು ರೈತರ ಹೆಸರಿಗೇ ನೋಂದಣಿ ಮಾಡಿಸಬಹುದು. ನಿನ್ನ ವರದಿಯಲ್ಲಿ ಅಪ್ಪನ ಹೆಸರು ಇರಲಿ. ಇಷ್ಟು ವರ್ಷ ಆ ಬೀಜ ಉಳಿಸಿದ್ದು ಅವರು.

ವರದಾ ದಡದವಳು:

ಸರ್, ನೋಡಿದೆ. ನಿಪ್ಪೊನ್‌ಬಾರೆಗೇ ಹೊಂದಿಸಿದ್ದಾರೆ. ಅಣ್ಣಾ, ಅಪ್ಪನ ಹೆಸರು ಖಂಡಿತ ಹಾಕುತ್ತೇನೆ. ಸುಳಿ ಬರುವವರೆಗೆ ಕಾಯಬೇಕು ಅಂತ ಅಪ್ಪನೂ ಅಂದರು. ಈಗ ಎಲ್ಲಿಂದ ಶುರು ಮಾಡಲಿ?

ತೀರ್ಥಹಳ್ಳಿಯವ:

ಎಲ್ಲೂ ಹೊಂದದೆ ಉಳಿದ ರೀಡ್‌ಗಳ ಫೈಲ್ ಕೇಳಿ ತರಿಸಿಕೊಳ್ಳಿ. ಸಬ್1ಎ ಸೀಕ್ವೆನ್ಸ್ ಜೆನ್‌ಬ್ಯಾಂಕ್ ಅನ್ನುವ ಆನ್‌ಲೈನ್ ಸಂಗ್ರಹದಲ್ಲಿ ಎಲ್ಲರಿಗೂ ಸಿಗುತ್ತದೆ, ಅದರ ಜೊತೆ ಹೋಲಿಸಿ. ಪಕ್ಕದಲ್ಲೇ ಪಿಸಿಆರ್ ಮಾಡಿ. ಹೋಲಿಸಿ ನೋಡಲು ಸ್ವರ್ಣ-ಸಬ್1 ಎಲೆ ಕಂಟ್ರೋಲ್ ಆಗಿ ಇರಲೇಬೇಕು. ಜೆಲ್‌ನಲ್ಲಿ ಸಬ್1ಎ ಬ್ಯಾಂಡ್ (ಪಟ್ಟೆ) ಬಂದರೂ ಅಲ್ಲಿಗೆ ನಿಲ್ಲಿಸಬೇಡಿ, ಸೀಕ್ವೆನ್ಸ್ ಮಾಡಿಸಿ. ನೆರೆ ತಡೆಯದ ಎಷ್ಟೋ ತಳಿಗಳಲ್ಲೂ ಸಬ್1ಎ-2 ಅನ್ನುವ ರೂಪ ಇರುತ್ತದೆ.

ಬ್ಯಾಂಡೇ ಬರದಿದ್ದರೆ ನನಗೆ ಇನ್ನೂ ಕುತೂಹಲ. ಆಗ ನೆರೆಗುಳಿ ಬೇರೆ ದಾರಿ ಹಿಡಿದಿರಬಹುದು. ಈ ಸಲದ ಹಂಗಾಮಿನಲ್ಲೇ ನೆರೆ ತಡೆಯದ ತಳಿಯ ಜೊತೆ ಒಂದು ಕ್ರಾಸ್ ಮಾಡಿಟ್ಟುಕೊಳ್ಳಿ. ಎರಡನೇ ತಲೆಮಾರಿನಲ್ಲಿ ಉಳಿದ ಗಿಡಗಳ ಡಿಎನ್‌ಎ ಒಂದು ಟ್ಯೂಬಿಗೆ, ಸತ್ತವುಗಳದ್ದು ಇನ್ನೊಂದಕ್ಕೆ ಹಾಕಿ ಹೋಲಿಸಿ. ಎರಡರ ಮಧ್ಯೆ ವ್ಯತ್ಯಾಸ ಕಾಣುವ ಜಾಗದಲ್ಲಿ ಹುಡುಕಬೇಕು. ಎಲ್ಲ ಗಿಡಗಳ ಎಲೆಯನ್ನೂ ಮುಳುಗಿಸುವ ಮೊದಲೇ ಬೇರೆ ಬೇರೆ ತೆಗೆದಿಡಿ, ಸತ್ತವುಗಳದ್ದು ಆಮೇಲೆ ಸಿಗುವುದಿಲ್ಲ. ಜೆಲ್ ಫೋಟೋ ಇಲ್ಲಿ ಹಾಕಿ, ಕೂತು ನೋಡೋಣ.