ರೆಕ್ಕೆ ತಿರುಚುವುದು, ರೆಕ್ಕೆ ತಿರುಚಿಕೊಳ್ಳುವುದು

ಪ್ರಶ್ನೆ:

ನಮಸ್ಕಾರ. ಕಿಟ್ (ಸಿದ್ಧ ಬಿಡಿಭಾಗಗಳ ಪೆಟ್ಟಿಗೆ) ಕೊಳ್ಳದೆ, ಪ್ಲಾಸ್ಟಿಕ್ ಹಾಳೆ, ಕಡ್ಡಿ, ತಂತಿಗಳಿಂದಲೇ 1:48 ಅಳತೆಯ ಬ್ಲೇರಿಯೊ-11 ವಿಮಾನದ ಮಾದರಿ ಕಟ್ಟುವ ಕೈಪಿಡಿಯೊಂದು ಕನ್ನಡದಲ್ಲಿ ತಯಾರಾಗುತ್ತಿದೆ. 1909ರ ಜುಲೈ 25ರಂದು ಇಂಗ್ಲಿಷ್ ಕಡಲ್ಗಾಲುವೆ ದಾಟಿದ್ದು ಇದೇ ವಿಮಾನ. ರೆಕ್ಕೆಯ ಹರವು ಸುಮಾರು 7.8 ಮೀಟರ್, ಮಾದರಿಯಲ್ಲಿ 162.5 ಮಿ.ಮೀ. ಮೂರು ಕಡೆ ಪದ ಸಿಗದೆ ಕೆಲಸ ನಿಂತಿದೆ.

ಸ್ಪಾರ್ (ರೆಕ್ಕೆಯ ಉದ್ದಕ್ಕೂ ಹೋಗುವ ಮುಖ್ಯ ಕಡ್ಡಿ), ರಿಬ್ (ಅದಕ್ಕೆ ಅಡ್ಡಲಾಗಿ ಕೂರುವ ಸಣ್ಣ ಕಡ್ಡಿ) ಎರಡಕ್ಕೂ ಏನೆನ್ನಬೇಕು? ರಿಬ್‌ಗೆ ‘ಪಕ್ಕೆಲುಬು’ ಎಂದರೆ ರೆಕ್ಕೆಯಲ್ಲಿ ಪಕ್ಕೆ ಹುಡುಕಬೇಕು. ಗಾಳಿಪಟದ ‘ಕಮಾನುಕಡ್ಡಿ’ ಆದೀತೆ? ಇನ್ನು ವಾರ್ಪ್. ಈ ವಿಮಾನಕ್ಕೆ ಐಲೆರಾನ್ (ವಿಮಾನ ವಾಲಿಸಲು ರೆಕ್ಕೆಯ ಹಿಂಬದಿಗೆ ಕೀಲಿನಿಂದ ಸೇರಿಸಿದ ಪಟ್ಟಿ) ಇಲ್ಲ. ಚಾಲಕ ರೆಕ್ಕೆಯ ಹಿಂಬದಿಯನ್ನೇ ತಂತಿಯಿಂದ ಎಳೆದು ವಾಲಿಸುತ್ತಾನೆ. ಇಂಗ್ಲಿಷಿನಲ್ಲಿ ಅದೂ ವಾರ್ಪ್, ಹಾಳೆ ಸೊಟ್ಟಗಾದರೆ ಅದೂ ವಾರ್ಪ್. ‘ನುಲಿ’ ಬಳಸಬಹುದೆ? ಕೊನೆಯದು ಸ್ಕ್ರ್ಯಾಚ್-ಬಿಲ್ಡ್, ಅಂದರೆ ಬಿಡಿಭಾಗಗಳನ್ನೂ ನಾವೇ ಮಾಡಿ ಕಟ್ಟಿದ ಮಾದರಿ. ‘ಬುಡದಿಂದ ಕಟ್ಟಿದ್ದು’ ಎಂದು ಹೊರಟು ‘ಬುಡಕಟ್ಟು’ ಹತ್ತಿರ ಬಂದು ನಿಂತಿದೆ!

ಉತ್ತರ:

ಕಮಾನುಕಡ್ಡಿ ಬೇಡ. ಗಾಳಿಪಟದಲ್ಲಿ ಅದು ಒಂದು ಮೂಲೆಯಿಂದ ಎದುರು ಮೂಲೆಗೆ ಅಡ್ಡಲಾಗಿ ಬಾಗುತ್ತದೆ. ಪಟ ಕಟ್ಟಿದವರು ಓದಿದರೆ ಅದನ್ನು ಸ್ಪಾರ್ ಎಂದೇ ತಿಳಿಯುತ್ತಾರೆ. ಹಳೆಯ ಮನೆಯ ಮಾಳಿಗೆ ನೋಡಿ: ಭಾರ ಹೊರುವ ದಪ್ಪ ಮರ ತೊಲೆ, ಅದರ ಮೇಲೆ ಅಡ್ಡಡ್ಡ ಸಾಲಾಗಿ ಕೂರುವ ಸಣ್ಣವು ಜಂತೆ. ರೆಕ್ಕೆಯಲ್ಲೂ ಜೋಡಣೆ ಹಾಗೇ. ಆದ್ದರಿಂದ ಸ್ಪಾರ್‌ಗೆ ತೊಲೆ (ಮುಂದೊಲೆ, ಹಿಂದೊಲೆ), ರಿಬ್‌ಗೆ ಜಂತೆ. ಸುಮ್ಮನೆ ಮಲಗಿದವನನ್ನು ಜಂತೆ ಎಣಿಸುತ್ತಿದ್ದಾನೆ ಎನ್ನುತ್ತೇವೆ. ಈ ಕೆಲಸದಲ್ಲಿ ಹಳೆಯ ಫೋಟೊ ಮುಂದಿಟ್ಟುಕೊಂಡು ಜಂತೆ ಎಣಿಸದಿದ್ದರೆ ಮುಂದಕ್ಕೆ ಹೋಗುವಂತೆಯೇ ಇಲ್ಲ. ‘ಕಮಾನು’ ಪದವನ್ನು ಜಂತೆಯ ಬಾಗಿಗೆ, ಅಂದರೆ ಕ್ಯಾಂಬರ್‌ಗೆ, ಉಳಿಸಿಕೊಳ್ಳಿ.

‘ನುಲಿ’ಯೂ ಹೊಂದುವುದಿಲ್ಲ. ಹುರಿ ನುಲಿಯುತ್ತೇವೆ, ಅಲ್ಲಿ ಸುತ್ತಿನ ಮೇಲೆ ಸುತ್ತು ಬೀಳಬೇಕು. ರೆಕ್ಕೆಗೆ ಬೇಕಾದದ್ದು ಕೆಲವೇ ಡಿಗ್ರಿ. ಉದ್ದನೆಯ ಅಗರಬತ್ತಿ ಪೆಟ್ಟಿಗೆಯ ಎರಡು ತುದಿ ಹಿಡಿದು ಎದುರುಬದುರಾಗಿ ಹಿಂಡಿ ನೋಡಿ. 1899ರಲ್ಲಿ ವಿಲ್ಬರ್ ರೈಟ್‌ಗೆ ಈ ಉಪಾಯ ಹೊಳೆದದ್ದೂ ಸೈಕಲ್ ಟ್ಯೂಬಿನ ಖಾಲಿ ಪೆಟ್ಟಿಗೆ ಕೈಯಲ್ಲಿದ್ದಾಗ. ಇದಕ್ಕೆ ಕನ್ನಡದ ಮಾತು ‘ತಿರುಚು’. ಮಾತು ತಿರುಚುವವರಿಂದ ಪದಕ್ಕೆ ಕೆಟ್ಟ ಹೆಸರು ಬಂದಿದೆ ನಿಜ, ಅದು ಪದದ ತಪ್ಪಲ್ಲ.

ಇಂಗ್ಲಿಷಿನ ಗೊಂದಲವನ್ನು ನಮ್ಮ ‘ಕೊಳ್ಳು’ ತಾನೇ ಬಿಡಿಸುತ್ತದೆ. ಚಾಲಕ ರೆಕ್ಕೆ ತಿರುಚುತ್ತಾನೆ, ಹಾಳೆ ತಿರುಚಿಕೊಳ್ಳುತ್ತದೆ. ಕೈಪಿಡಿಯಲ್ಲಿ ಹೀಗೆ ಬರೆಯಬಹುದು: “0.75 ಮಿ.ಮೀ. ಪ್ಲಾಸ್ಟಿಕ್ ಹಾಳೆಯನ್ನು ಗಾಜಿನ ಬಾಟಲಿಗೆ ಟೇಪಿನಿಂದ ಬಿಗಿದು, ಕುದಿಸಿ ಇಳಿಸಿದ ನೀರಲ್ಲಿ ಎರಡು ನಿಮಿಷ ಇಟ್ಟು, ತಣ್ಣೀರಿಗೆ ಹಾಕಿ. ಕಮಾನು ನಿಲ್ಲುತ್ತದೆ. ರೆಕ್ಕೆಯ ಮುಂದಿನ ಅಂಚು ಬಾಟಲಿಯ ಉದ್ದಕ್ಕೆ ನೇರವಾಗಿರಲಿ. ಓರೆಯಾದರೆ ರೆಕ್ಕೆ ತಿರುಚಿಕೊಳ್ಳುತ್ತದೆ. ಜಂತೆಗೆ 0.25 ಮಿ.ಮೀ. ಪಟ್ಟಿ ಅಂಟಿಸುವಾಗ ದ್ರಾವಕ ಸುರಿಯಬೇಡಿ. ಆರುತ್ತ ಆ ಬದಿ ಕುಗ್ಗಿ ಹಾಳೆ ಸೊಟ್ಟಗಾಗುತ್ತದೆ.”

ತಿರುಚಿದ ಭಂಗಿಯಲ್ಲೇ ಮಾದರಿ ನಿಲ್ಲಿಸುವುದಾದರೆ, ತಿರುಚು ಬುಡದಲ್ಲಿ ಸೊನ್ನೆಯಾಗಿದ್ದು ತುದಿಯತ್ತ ಏರುತ್ತ ಹೋಗಬೇಕು. ಬಾಗಿಲಿನಂತೆ ಒಂದೇ ಕಡೆ ಮಡಿಸಿದರೆ ಅದು ಐಲೆರಾನ್ ಆಗಿಬಿಡುತ್ತದೆ. ಮುಂದೊಲೆಯ ಬಿಗಿತಂತಿಗಳು ಅಲುಗುವುದಿಲ್ಲ. ಹಿಂದೊಲೆಯ ಮೇಲಿನ ತಂತಿ ನಡುಗಂಬದ ರಾಟೆಯ ಮೇಲೆ ಹಾದು ಆಚೆ ರೆಕ್ಕೆಗೆ ಹೋಗುತ್ತದೆ, ಹಾಗಾಗಿ ಒಂದು ಬದಿ ಎಷ್ಟು ಉದ್ದವಾಗುತ್ತದೋ ಇನ್ನೊಂದು ಅಷ್ಟೇ ಗಿಡ್ಡವಾಗಬೇಕು. ಮೊದಲನೆಯವನ್ನು ‘ಬಿಗಿತಂತಿ’, ಎರಡನೆಯದನ್ನು ‘ತಿರುಚುತಂತಿ’ ಎಂದು ಬೇರೆ ಮಾಡಿದರೆ ಓದುಗ ಎಡವುವುದಿಲ್ಲ. ಎರಡಕ್ಕೂ ಹಿಗ್ಗುವ ಸಣ್ಣ ನೂಲೇ ಒಳ್ಳೆಯದು. ನೈಲಾನ್ ಎಳೆ ಬಿಗಿದರೆ ತೆಳು ರೆಕ್ಕೆ ಮತ್ತೆ ತಿರುಚಿಕೊಳ್ಳುತ್ತದೆ. ಸೂಪರ್ ಗ್ಲೂ ಸೂಜಿಮೊನೆಯಷ್ಟು ಸಾಕು, ಹೆಚ್ಚಾದರೆ ಬಣ್ಣದ ಮೇಲೆ ಬಿಳಿ ಮಬ್ಬು ಕೂರುತ್ತದೆ.

ಸ್ಕ್ರ್ಯಾಚ್-ಬಿಲ್ಡ್‌ಗೆ ನಾಮಪದ ಹುಡುಕುವ ಹಟ ಬಿಡಿ. ‘ಕಿಟ್ ಇಲ್ಲದೆ ಕಟ್ಟಿದ್ದು’ ಸಾಕು.